ಒಂದು ರೆಫರೆನ್ಸ್ ಮಿಸ್ಸಿಂಗ್, ಕೈಕೊಟ್ಟಿದ್ದು ಲೆಫ್ಟ್, ಡೇಟ್, ಫಾರ್ಮ್ಯಾಟ್: ಆ್ಯಕ್ಸೆಸ್ ಫೈಲ್ ಬೇರೆ ಕಂಪ್ಯೂಟರಿಗೆ ಹೋದಾಗ

ಸಾಲುಸಾಲು
ಆ್ಯಕ್ಸೆಸ್‌ನಲ್ಲಿ (ಮೈಕ್ರೋಸಾಫ್ಟ್‌ನ ಡೇಟಾಬೇಸ್ ಪ್ರೋಗ್ರಾಂ) ಮಾಡಿದ ಒಂದು ಸ್ಟಾಕ್ ಅಪ್ಲಿಕೇಶನ್. ಆಫೀಸ್ 2016 ಇರುವ ಕಂಪ್ಯೂಟರಿನಲ್ಲಿ ತಕರಾರಿಲ್ಲದೆ ಓಡುತ್ತೆ. ಅದೇ ಎಸಿಸಿಡಿಬಿ ಫೈಲನ್ನು ಆಫೀಸ್ 2010 ಇರುವ ಕಂಪ್ಯೂಟರಿಗೆ ಹಾಕಿ ತೆರೆದರೆ "ಕಾಂಟ್ ಫೈಂಡ್ ಪ್ರಾಜೆಕ್ಟ್ ಆರ್ ಲೈಬ್ರರಿ" ಅಂತ ಬಂದು ಕೋಡಿನಲ್ಲಿ ಲೆಫ್ಟ್ ಹೈಲೈಟ್ ಆಗುತ್ತೆ. ಆ ಸಾಲನ್ನು ಕಾಮೆಂಟ್ ಮಾಡಿದರೆ ಮುಂದಿನ ಡೇಟ್ ಮೇಲೆ ನಿಲ್ಲುತ್ತೆ. ಕ್ವೆರಿ ಓಡಿಸಿದರೆ ಎರರ್ 3075. ಫಾರ್ಮ್ ಮೇಲೆ ದಿನಾಂಕ ಇರಬೇಕಾದ ಜಾಗದಲ್ಲಿ #ನೇಮ್?.

ಲೆಫ್ಟ್, ಡೇಟ್ ಎಲ್ಲ ವಿಬಿಎ (ಆ್ಯಕ್ಸೆಸ್ ಕೋಡಿನ ಭಾಷೆ) ಜೊತೆಗೇ ಬರುವ ಫಂಕ್ಷನ್‌ಗಳು. ಅವು ಹೇಗೆ ಕಾಣೆಯಾಗುತ್ತವೆ? ಆಫೀಸ್ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಬೇಕಾ? ಅಪ್ಲಿಕೇಶನ್‌ನಲ್ಲಿ ಎಕ್ಸೆಲ್‌ಗೆ ರಿಪೋರ್ಟ್ ಕಳಿಸುವ ಬಟನ್, ಔಟ್‌ಲುಕ್‌ನಿಂದ ಮೇಲ್, ಒಂದು ಫಾರ್ಮಿನಲ್ಲಿ ಟ್ರೀವ್ಯೂ (ಕೊಂಬೆಕೊಂಬೆಯಾಗಿ ತೆರೆಯುವ ಪಟ್ಟಿ) ಇದೆ.

ಕೀಲಿಮಣೆ
ಆಫೀಸ್ ಮುಟ್ಟಬೇಡಿ. ಆಲ್ಟ್ ಜೊತೆ ಎಫ್11 ಒತ್ತಿ, ಟೂಲ್ಸ್ ಮೆನುವಿನಲ್ಲಿ ರೆಫರೆನ್ಸಸ್ (ಈ ಫೈಲಿನ ಕೋಡ್ ಬಳಸುವ ಲೈಬ್ರರಿಗಳ ಪಟ್ಟಿ) ತೆರೆಯಿರಿ. ಟಿಕ್ ಬಿದ್ದಿರುವ ಸಾಲುಗಳಲ್ಲಿ "ಮಿಸ್ಸಿಂಗ್:" ಅಂತ ಶುರುವಾಗುವುದು ಯಾವುದು ಹೇಳಿ. ರೆಫರೆನ್ಸಸ್ ಮಸುಕಾಗಿದ್ದರೆ ಕೋಡ್ ಇನ್ನೂ ಬ್ರೇಕ್ ಮೋಡಿನಲ್ಲಿದೆ ಅಂತ. ರನ್ ಮೆನುವಿನ ರೀಸೆಟ್ ಒತ್ತಿದರೆ ತೆರೆಯುತ್ತೆ.

ಸಾಲುಸಾಲು
ಎರಡಿವೆ. "ಮಿಸ್ಸಿಂಗ್: ಮೈಕ್ರೋಸಾಫ್ಟ್ ಎಕ್ಸೆಲ್ 16.0 ಆಬ್ಜೆಕ್ಟ್ ಲೈಬ್ರರಿ" ಮತ್ತು ಔಟ್‌ಲುಕ್ 16.0ದ್ದು. ಟ್ರೀವ್ಯೂ ಲೈಬ್ರರಿ ಸರಿಯಾಗೇ ಇದೆ.

ಟೇಬಲ್‌ಟೆನಿಸ್
ಅಂದರೆ ಲೆಫ್ಟ್ ಪಾಪದ್ದು. ಸಿಕ್ಕಿಬಿದ್ದಿದ್ದು ಮಾತ್ರ ಅದು.

ಹಳೇಕೋಡು
ಕಾರಣ ಗೊತ್ತಾದರೆ ಮುಂದಿನ ಸಲ ಗಾಬರಿಯಾಗಲ್ಲ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ಪ್ರತಿ ರೆಫರೆನ್ಸಿಗೂ ಫೈಲಿನೊಳಗೆ ಅದರ ಟೈಪ್ ಲೈಬ್ರರಿಯ (ಲೈಬ್ರರಿಯಲ್ಲಿ ಏನೇನಿದೆ ಅನ್ನುವ ವಿವರ) ಜಿಯುಐಡಿ ಅನ್ನುವ ಗುರುತು ಸಂಖ್ಯೆ, ಆವೃತ್ತಿ ಸಂಖ್ಯೆ, ಪಾತ್ ಇಷ್ಟು ದಾಖಲಾಗಿರುತ್ತೆ. ಫೈಲ್ ತೆರೆದಾಗ ಆ್ಯಕ್ಸೆಸ್ ಆ ಜಿಯುಐಡಿಯನ್ನು ರಿಜಿಸ್ಟ್ರಿಯ ಹೆಚ್‌ಕೀ ಕ್ಲಾಸಸ್ ರೂಟ್ ಕೆಳಗಿನ ಟೈಪ್‌ಲಿಬ್‌ನಲ್ಲಿ ಹುಡುಕುತ್ತೆ. ಎಕ್ಸೆಲ್‌ನ ಜಿಯುಐಡಿ ಎಲ್ಲ ಆವೃತ್ತಿಗೂ ಒಂದೇ. ಸಂಖ್ಯೆ ಮಾತ್ರ ಬೇರೆ: 2010ಕ್ಕೆ 1.7, 2013ಕ್ಕೆ 1.8, 2016 ಮತ್ತು ಆಮೇಲಿನವಕ್ಕೆ 1.9. ಫೈಲ್ 1.7 ಕೇಳಿ ಕಂಪ್ಯೂಟರಿನಲ್ಲಿ 1.9 ಇದ್ದರೆ ಸದ್ದಿಲ್ಲದೆ ಮೇಲಿನದಕ್ಕೆ ಹತ್ತಿಬಿಡುತ್ತೆ. ಫೈಲ್ 1.9 ಕೇಳಿ ಇರೋದು 1.7 ಆದರೆ ಕೆಳಗಿಳಿಯಲ್ಲ, ಮಿಸ್ಸಿಂಗ್ ಅನ್ನುತ್ತೆ. ನಿಮಗೆ ಆಗಿರೋದು ಇದೇ.

ವಿಬಿಎ ಲೈಬ್ರರಿ ಮತ್ತು ಆ್ಯಕ್ಸೆಸ್‌ನ ಸ್ವಂತ ಲೈಬ್ರರಿಗೆ ಈ ಕಾಟ ಇಲ್ಲ. ಅವು ತೆರೆದ ಆವೃತ್ತಿಗೆ ತಾವೇ ಹೊಂದಿಕೊಳ್ಳುತ್ತವೆ. ಆ ಎರಡರ ಟಿಕ್ ತೆಗೆಯೋಕೂ ಬಿಡಲ್ಲ.

ಇನ್ನು ಲೆಫ್ಟ್ ಕಥೆ. ಕೋಡಿನಲ್ಲಿ ಬರೀ ಲೆಫ್ಟ್ ಅಂತ ಬರೆದಾಗ ಅದು ಯಾವ ಲೈಬ್ರರಿಯದ್ದು ಅಂತ ವಿಬಿಎ ರೆಫರೆನ್ಸ್ ಪಟ್ಟಿ ಹಿಡಿದು ತೀರ್ಮಾನಿಸಬೇಕು. ಪಟ್ಟಿಯಲ್ಲಿ ಒಂದು ಮುರಿದಿದ್ದರೆ ಈ ಹುಡುಕಾಟವೇ ಕೆಡುತ್ತೆ. ವಿಬಿಎ ಡಾಟ್ ಲೆಫ್ಟ್ ಅಂತ ಲೈಬ್ರರಿ ಹೆಸರು ಸೇರಿಸಿ ಬರೆದರೆ ನೇರ ಅಲ್ಲಿಗೇ ಹೋಗುತ್ತೆ, ಮುರಿದ ರೆಫರೆನ್ಸ್ ಇದ್ದರೂ ನಡೆಯುತ್ತೆ.

ನಡುರಾತ್ರಿ_ಬಗ್
ಹಾಗಾದರೆ ಎಲ್ಲ ಕಡೆ ವಿಬಿಎ ಡಾಟ್ ಹಾಕಿ ಫೈಂಡ್ ರಿಪ್ಲೇಸ್ ಹೊಡೆದರೆ ಆಯ್ತಲ್ಲ?

ಹಳೇಕೋಡು
ಬೇಡ. ಎಕ್ಸೆಲ್ ಬಟನ್ ಒತ್ತಿದ ತಕ್ಷಣ ಮತ್ತೆ ಅಲ್ಲೇ ಬಂದು ನಿಲ್ತೀರಿ. ಕ್ವೆರಿ, ಫಾರ್ಮಿನ ಕಂಟ್ರೋಲ್ ಸೋರ್ಸ್ ಇವೆಲ್ಲ ಕೆಟ್ಟೇ ಇರುತ್ತವೆ. ಇದು ರೆಫರೆನ್ಸ್ ಪರೀಕ್ಷಿಸುವ ಸ್ಟಾರ್ಟಪ್ ಕೋಡಿಗೆ ಮಾತ್ರ ಉಪಯೋಗ.

ಕೀಲಿಮಣೆ
ಸದ್ಯಕ್ಕೆ ಕೆಲಸ ಸಾಗಬೇಕು ಅಂದರೆ: ಮೊದಲು ಫೈಲಿನ ಕಾಪಿ. 2010 ಇರುವ ಕಂಪ್ಯೂಟರಿನಲ್ಲಿ ಶಿಫ್ಟ್ ಒತ್ತಿಕೊಂಡೇ ತೆರೆಯಿರಿ, ಸ್ಟಾರ್ಟಪ್ ಕೋಡ್ ಓಡಲ್ಲ. ರೆಫರೆನ್ಸಸ್‌ನಲ್ಲಿ ಮಿಸ್ಸಿಂಗ್ ಎರಡರ ಟಿಕ್ ತೆಗೆದು ಓಕೆ. ಮತ್ತೆ ಅದೇ ಡೈಲಾಗ್ ತೆರೆದು ಎಕ್ಸೆಲ್ 14.0, ಔಟ್‌ಲುಕ್ 14.0 ಹುಡುಕಿ ಟಿಕ್ ಹಾಕಿ ಓಕೆ. ತೆಗೆಯೋದು ಹಾಕೋದು ಒಂದೇ ಸಲ ಮಾಡಬೇಡಿ, ನಡುವೆ ಓಕೆ ಒತ್ತಿ ಹೊರಬನ್ನಿ. ಆಮೇಲೆ ಡೀಬಗ್ ಮೆನುವಿನ ಕಂಪೈಲ್. ಎರರ್ ಇಲ್ಲದೆ ಮುಗಿದು ಆ ಮೆನು ಮಸುಕಾದರೆ ಕೆಲಸ ಆಯ್ತು.

ಶೂನ್ಯವೊಂದು
ಇದು ಇವತ್ತಿಂದು ಆತು, ನಾಳಿಂದು? 2016 ಇರೂ ಕಂಪ್ಯೂಟರಿನ್ಯಾಗ ಮತ್ತ ತೆರೆದು ತಿದ್ದಿದ್ರ ಪುನಃ 16.0ಕ್ಕ ಏರ್ತದ. ಮತ್ತ 2010ರಾಗ ಮಿಸ್ಸಿಂಗ್. ಈ ಆಟಕ್ಕ ಕೊನಿ ಇಲ್ಲ ನೋಡ್ರಿ. ಎಲ್ಲಾರಿಗಿಂತ ಹಳೇ ಆವೃತ್ತಿ ಯಾರ ಹತ್ರ ಅದನೋ ಅದರಾಗ ಡೆವಲಪ್ ಮಾಡ್ರಿ. ಇಲ್ಲಾಂದ್ರ ರೆಫರೆನ್ಸನ್ನ ತಗದು ಲೇಟ್ ಬೈಂಡಿಂಗ್ ಮಾಡ್ರಿ, ಅಂದ್ರ ಎಕ್ಸೆಲ್, ಔಟ್‌ಲುಕ್‌ನ್ನ ಕೋಡ್ ಓಡೂ ಹೊತ್ತಿಗೆ ಹುಡುಕೂ ಹಂಗ ಬರೀರಿ.

ಫಾರ್ಮ್‌ಪಂಡಿತ
ಲೇಟ್ ಬೈಂಡಿಂಗೇ ಸರಿಯಾದ ದಾರಿ. ಬದಲಾಯಿಸುವ ಕ್ರಮ ಹೀಗಿರಲಿ:

ಮೊದಲು ಪ್ರತಿ ಮಾಡ್ಯೂಲಿನ ತಲೆಯಲ್ಲಿ ಆಪ್ಷನ್ ಎಕ್ಸ್‌ಪ್ಲಿಸಿಟ್ ಇದೆಯಾ ನೋಡಿ, ಇಲ್ಲದಿದ್ದರೆ ಹಾಕಿ. ಇದನ್ನು ಬಿಟ್ಟರೆ ಮುಂದಿನದ್ದೆಲ್ಲ ವ್ಯರ್ಥ. ರೆಫರೆನ್ಸ್ ಇನ್ನೂ ಸರಿಯಿರುವ ಕಂಪ್ಯೂಟರಿನಲ್ಲೇ ಕಂಟ್ರೋಲ್ ಜಿ ಒತ್ತಿ ಇಮ್ಮೀಡಿಯೆಟ್ ವಿಂಡೋ ತೆರೆದು, ಪ್ರಶ್ನಾರ್ಥಕ ಚಿಹ್ನೆ ಹಾಕಿ ಕೋಡಿನಲ್ಲಿರುವ ಒಂದೊಂದೇ ಕಾನ್‌ಸ್ಟಂಟ್ ಹೆಸರು ಟೈಪ್ ಮಾಡಿ ಬೆಲೆ ಬರೆದುಕೊಳ್ಳಿ. ಎಕ್ಸ್‌ಎಲ್‌ಅಪ್ ಅಂದರೆ -4162, ಎಕ್ಸ್‌ಎಲ್‌ಸೆಂಟರ್ -4108, ಎಕ್ಸ್‌ಎಲ್‌ಟುಲೆಫ್ಟ್ -4159, ಎಕ್ಸ್‌ಎಲ್‌ಎಸ್‌ಎಕ್ಸ್ ಆಗಿ ಸೇವ್ ಮಾಡುವ ಫಾರ್ಮ್ಯಾಟ್ 51, ಔಟ್‌ಲುಕ್‌ನ ಓಎಲ್‌ಮೇಲ್‌ಐಟಂ 0. ಇವನ್ನೆಲ್ಲ ಒಂದು ಮಾಡ್ಯೂಲಿನಲ್ಲಿ ಪಬ್ಲಿಕ್ ಕಾನ್‌ಸ್ಟ್ ಆಗಿ ಅದೇ ಹೆಸರಿನಲ್ಲಿ ಇಡಿ. ಉಳಿದ ಕೋಡಿನಲ್ಲಿ ಸಂಖ್ಯೆ ತುಂಬುವ ಕೆಲಸ ತಪ್ಪುತ್ತೆ.

ಆಮೇಲೆ ಎಕ್ಸೆಲ್ ಡಾಟ್ ಅಪ್ಲಿಕೇಶನ್, ಎಕ್ಸೆಲ್ ಡಾಟ್ ವರ್ಕ್‌ಶೀಟ್, ಔಟ್‌ಲುಕ್ ಡಾಟ್ ಮೇಲ್‌ಐಟಂ ಅಂತ ಡಿಕ್ಲೇರ್ ಆಗಿರೋದೆಲ್ಲ ಆಬ್ಜೆಕ್ಟ್ ಮಾಡಿ. ನ್ಯೂ ಅಂತ ಎಲ್ಲೆಲ್ಲಿ ಇದೆಯೋ ಅಲ್ಲಿ ಕ್ರಿಯೇಟ್‌ಆಬ್ಜೆಕ್ಟ್, ಬ್ರಾಕೆಟ್ಟಿನಲ್ಲಿ "ಎಕ್ಸೆಲ್ ಡಾಟ್ ಅಪ್ಲಿಕೇಶನ್" ಅನ್ನುವ ಸ್ಟ್ರಿಂಗ್. ಈ ಸ್ಟ್ರಿಂಗಿಗೆ 14, 16 ಅಂತ ಆವೃತ್ತಿ ಸಂಖ್ಯೆ ಅಂಟಿಸಬೇಡಿ, ಅಂಟಿಸಿದರೆ ಲೇಟ್ ಬೈಂಡಿಂಗ್ ಮಾಡಿದ್ದೂ ಒಂದೇ ಬಿಟ್ಟಿದ್ದೂ ಒಂದೇ. ಕೊನೆಗೆ ರೆಫರೆನ್ಸ್ ಟಿಕ್ ತೆಗೆದು ಕಂಪೈಲ್. "ಯೂಸರ್ ಡಿಫೈನ್ಡ್ ಟೈಪ್ ನಾಟ್ ಡಿಫೈನ್ಡ್" ಅಂತ ಬಂದಲ್ಲೆಲ್ಲ ಒಂದು ಡಿಕ್ಲರೇಶನ್ ಉಳಿದಿದೆ, "ವೇರಿಯಬಲ್ ನಾಟ್ ಡಿಫೈನ್ಡ್" ಅಂತ ಬಂದಲ್ಲಿ ಒಂದು ಕಾನ್‌ಸ್ಟಂಟ್ ಉಳಿದಿದೆ.

ಬಿಂದುಗೆರೆ
ಆಪ್ಷನ್ ಎಕ್ಸ್‌ಪ್ಲಿಸಿಟ್ ಯಾಕೆ ಅಂತ ಕೇಳುವವರಿಗೆ: ಅದಿಲ್ಲದಿದ್ದರೆ ಗೊತ್ತಿಲ್ಲದ ಎಕ್ಸ್‌ಎಲ್‌ಅಪ್ ಒಂದು ಖಾಲಿ ವೇರಿಯಂಟ್ ಆಗಿ 0 ಅಂತ ಹೋಗುತ್ತೆ, ಕಂಪೈಲ್ ಹೊತ್ತಲ್ಲಿ ಚಕಾರ ಎತ್ತಲ್ಲ, ಓಡುವಾಗ 1004 ಕೊಡುತ್ತೆ. ಓಎಲ್‌ಮೇಲ್‌ಐಟಂ ಬೆಲೆಯೇ 0 ಆದ್ದರಿಂದ ಮೇಲ್ ಭಾಗ ಮಾತ್ರ ಸರಿಯಾಗಿ ಓಡುತ್ತೆ! ಅದನ್ನು ನೋಡಿ ಎಲ್ಲ ಸರಿಯಿದೆ ಅಂದುಕೊಳ್ಳೋದು ಬೇಡ.

ಕಂಪೈಲ್ಕುಮಾರ
ಎಲ್ಲದಕ್ಕೂ ಲೇಟ್ ಬೈಂಡಿಂಗ್ ಅನ್ನುವ ಈ ಮಂತ್ರ ಸಾಕು ಮಾರಾಯ್ರೇ. ಇಂಟೆಲಿಸೆನ್ಸ್ (ಟೈಪ್ ಮಾಡುವಾಗ ಹೆಸರು ಸೂಚಿಸುವ ಪಟ್ಟಿ) ಹೋಯ್ತು. ಮೆಥಡ್ ಹೆಸರಲ್ಲಿ ಒಂದಕ್ಷರ ತಪ್ಪಿದರೂ ಕಂಪೈಲರ್ ಹಿಡಿಯಲ್ಲ, ಬಳಕೆದಾರನ ಕಣ್ಣೆದುರೇ 438 ಬರುತ್ತೆ. ವಿತ್‌ಇವೆಂಟ್ಸ್ ಬೇಕಿದ್ದರೆ ಲೇಟ್ ಬೈಂಡಿಂಗಿನಲ್ಲಿ ಸಾಧ್ಯವೇ ಇಲ್ಲ. ಔಟ್‌ಲುಕ್ ಇವೆಂಟ್ ಹಿಡಿಯುವ ಕ್ಲಾಸ್ ಮಾಡ್ಯೂಲ್ ಇದ್ದರೆ ಏನು ಮಾಡ್ತೀರಿ? ಪ್ರತಿ ಕಾಲ್‌ಗೂ ಹೆಸರು ಹುಡುಕಿಸಬೇಕಾದ್ದರಿಂದ ನಿಧಾನ ಕೂಡ.

ಫಾರ್ಮ್‌ಪಂಡಿತ
ವಿತ್‌ಇವೆಂಟ್ಸ್ ಮಾತು ಒಪ್ಪಿದೆ. ನಿಧಾನ ಅನ್ನೋದು ಮಾತ್ರ ನೆಪ. ಎರಡು ಸಾವಿರ ಸಾಲನ್ನು ಒಂದೊಂದು ಸೆಲ್ ಆಗಿ ಬರೆಯುವವರಿಗೆ ಅರ್ಲಿ ಬೈಂಡಿಂಗಿನಲ್ಲೂ (ರೆಫರೆನ್ಸ್ ಹಾಕಿಯೇ ಬರೆದ ಕೋಡಿನಲ್ಲೂ) ನಿಧಾನವೇ. ಕಾಪಿಫ್ರಮ್‌ರೆಕಾರ್ಡ್‌ಸೆಟ್ ಒಂದು ಕಾಲ್‌ನಲ್ಲಿ ಇಡೀ ರೆಕಾರ್ಡ್‌ಸೆಟ್ ಸುರಿಯುತ್ತೆ. ಅಲ್ಲಿ ಬೈಂಡಿಂಗ್ ಯಾವುದಾದರೂ ವ್ಯತ್ಯಾಸ ಗೊತ್ತಾಗಲ್ಲ.

ಇಂಟೆಲಿಸೆನ್ಸ್ ಬೇಕಿದ್ದವರು ಕಂಡಿಷನಲ್ ಕಂಪೈಲೇಶನ್ ಬಳಸಿ. ಟೂಲ್ಸ್ ಮೆನುವಿನ ಪ್ರಾಜೆಕ್ಟ್ ಪ್ರಾಪರ್ಟೀಸ್‌ನಲ್ಲಿ ಕಂಡಿಷನಲ್ ಕಂಪೈಲೇಶನ್ ಆರ್ಗ್ಯುಮೆಂಟ್ಸ್ ಅಂತ ಒಂದು ಪೆಟ್ಟಿಗೆ ಇದೆ. ಅಲ್ಲಿ ಅರ್ಲಿ = 1 ಅಂತ ಕೊಟ್ಟು, ಕೋಡಿನಲ್ಲಿ #ಇಫ್ ಅರ್ಲಿ ದೆನ್ ಕೆಳಗೆ ಎಕ್ಸೆಲ್ ಡಾಟ್ ಅಪ್ಲಿಕೇಶನ್, #ಎಲ್ಸ್ ಕೆಳಗೆ ಆಬ್ಜೆಕ್ಟ್. ಬರೆಯುವಾಗ 1, ರೆಫರೆನ್ಸ್ ಟಿಕ್ ಇರಲಿ. ಕಳಿಸುವ ಮುಂಚೆ 0 ಮಾಡಿ ಟಿಕ್ ತೆಗೆದು ಕಂಪೈಲ್. #ಕಾನ್‌ಸ್ಟ್ ಅಂತ ಮಾಡ್ಯೂಲಿನಲ್ಲಿ ಬರೆದರೆ ಆ ಮಾಡ್ಯೂಲಿಗಷ್ಟೇ ಸೀಮಿತ, ಆದ್ದರಿಂದ ಪ್ರಾಪರ್ಟೀಸ್ ಪೆಟ್ಟಿಗೆಯೇ ವಾಸಿ.

ಕಂಪೈಲ್ಕುಮಾರ
ಹಾಂ, ಇದಾದರೆ ಸರಿ.

ಕ್ವೆರಿಕಾಕ
ಇಬ್ಬರೂ ಜಗಳ ಆಡ್ತಿರಿ. ಸುಮ್ಮನೆ ಟೇಬಲ್ ಅಥವಾ ಕ್ವೆರಿಯನ್ನು ಎಕ್ಸೆಲ್ ಫೈಲ್ ಮಾಡೋಕೆ ಎಕ್ಸೆಲ್ ಆಟೊಮೇಶನ್ನೇ (ಕೋಡಿನಿಂದ ಎಕ್ಸೆಲ್ ನಡೆಸುವುದೇ) ಯಾಕೆ? ಡೂಕಮಾಂಡ್ ಟ್ರಾನ್ಸ್‌ಫರ್‌ಸ್ಪ್ರೆಡ್‌ಶೀಟ್ ಇದೆ, ಟೈಪ್ 10 ಕೊಟ್ಟರೆ ಎಕ್ಸ್‌ಎಲ್‌ಎಸ್‌ಎಕ್ಸ್. ರೆಫರೆನ್ಸ್ ಬೇಡ, ಆ ಕಂಪ್ಯೂಟರಿನಲ್ಲಿ ಎಕ್ಸೆಲ್ಲೇ ಇಲ್ಲದಿದ್ದರೂ ಫೈಲ್ ಆಗುತ್ತೆ. ಮೇಲ್‌ಗೆ ಸೆಂಡ್‌ಆಬ್ಜೆಕ್ಟ್. ಹೆಡ್ಡಿಂಗ್ ಬೋಲ್ಡ್ ಮಾಡಬೇಕು, ಬಣ್ಣ ಬಳಿಯಬೇಕು ಅಂದಾಗ ಮಾತ್ರ ಆಟೊಮೇಶನ್.

ಬಿಂದುಗೆರೆ
ಸೆಂಡ್‌ಆಬ್ಜೆಕ್ಟ್ ಆ್ಯಕ್ಸೆಸ್‌ನ ಒಂದೇ ಒಂದು ಆಬ್ಜೆಕ್ಟನ್ನು ಮಾತ್ರ ಲಗತ್ತಿಸುತ್ತೆ ಕಾಕಾ. ಡಿಸ್ಕಿನಲ್ಲಿರುವ ಪಿಡಿಎಫ್ ಸೇರಿಸಬೇಕಾದರೆ ಅದು ಆಗಲ್ಲ.

ಕ್ವೆರಿಕಾಕ
ಅಷ್ಟು ಬೇಕಾದವರು ಲೇಟ್ ಬೈಂಡಿಂಗ್ ಮಾಡಿಕೊಳ್ಳಲಿ. ಬೇಡದವರಿಗೆ ಹೇಳಿದ್ದು.

ಸಾಲುಸಾಲು
ಲೇಟ್ ಬೈಂಡಿಂಗ್ ಮಾಡಿ ಎರಡೂ ಟಿಕ್ ತೆಗೆದೆ, ಕಂಪೈಲ್ ಆಯ್ತು, 2010ರಲ್ಲಿ ಓಡ್ತಿದೆ. ಇನ್ನೊಂದು ಪ್ರಶ್ನೆ. ಮುಂದೆ ಇದು 64 ಬಿಟ್ ಆಫೀಸ್ ಇರುವ ಕಂಪ್ಯೂಟರಿಗೂ ಹೋಗಬೇಕು. ಟ್ರೀವ್ಯೂ ಗತಿ ಏನು? ಅದನ್ನೂ ಲೇಟ್ ಬೈಂಡಿಂಗ್ ಮಾಡಬಹುದಾ?

ಹಳೇಕೋಡು
ಕೋಡಿನಲ್ಲಿರುವ ವೇರಿಯಬಲ್ ಆಬ್ಜೆಕ್ಟ್ ಆಗಬಹುದು. ಆದರೆ ಕಂಟ್ರೋಲ್ ಫಾರ್ಮಿನ ಮೇಲೇ ಕೂತಿದೆಯಲ್ಲ, ಅದಕ್ಕೆ ಓಸಿಎಕ್ಸ್, ಅಂದರೆ ಆ ಕಂಟ್ರೋಲ್ ಇರುವ ಫೈಲ್, ಬೇಕೇ ಬೇಕು. ಟ್ರೀವ್ಯೂ, ಲಿಸ್ಟ್‌ವ್ಯೂ, ಪ್ರೋಗ್ರೆಸ್‌ಬಾರ್ ಎಲ್ಲ ಇರೋದು ಎಂಎಸ್‌ಕಾಮ್‌ಸಿಟಿಎಲ್ ಡಾಟ್ ಓಸಿಎಕ್ಸ್‌ನಲ್ಲಿ. 32 ಬಿಟ್ ಓಸಿಎಕ್ಸ್ 64 ಬಿಟ್ ಪ್ರೊಸೆಸ್ಸಿನೊಳಗೆ ಲೋಡ್ ಆಗಲ್ಲ, ಎಷ್ಟು ಸಲ ರಿಜಿಸ್ಟರ್ ಮಾಡಿದರೂ ಅಷ್ಟೇ. 64 ಬಿಟ್ 2010, 2013ಕ್ಕೆ ಇದರ 64 ಬಿಟ್ ರೂಪ ಬರಲೇ ಇಲ್ಲ. ಈಗಿನ ಮೈಕ್ರೋಸಾಫ್ಟ್ 365ರ 64 ಬಿಟ್ ಆಫೀಸ್ ಜೊತೆ ಬರುತ್ತೆ. ಆದ್ದರಿಂದ "64 ಬಿಟ್" ಅಂದರೆ ಸಾಲದು, ಯಾವ ಆಫೀಸು ಅಂತಲೂ ಕೇಳಿಕೊಳ್ಳಿ. ಆಫೀಸ್ 2019ರಿಂದ ಇನ್‌ಸ್ಟಾಲರ್ ಬೇರೇನೂ ಹೇಳದಿದ್ದರೆ 64 ಬಿಟ್ಟನ್ನೇ ಹಾಕುತ್ತೆ.

ಶೂನ್ಯವೊಂದು
ಫಾರ್ಮಿಂದ ಕಂಟ್ರೋಲ್ ಅಳಿಸಿದ್ರೂ ರೆಫರೆನ್ಸಿನ ಟಿಕ್ ಅಳಿಯೂದಿಲ್ಲ, ಇದನ್ನ ಮರೀಬ್ಯಾಡ್ರಿ. ಕಂಟ್ರೋಲ್ ಹಾಕಿದಾಗ ತಾನ ಬರ್ತದ, ತಗದಾಗ ನಾವ ತಗೀಬೇಕು. ಹಳೇ ಫೈಲಿನ್ಯಾಗ ಎಂಎಸ್‌ಕ್ಯಾಲ್ ಅಂತ ಕ್ಯಾಲೆಂಡರ್ ಕಂಟ್ರೋಲಿನ ಟಿಕ್ ಉಳಿದಿರ್ತದ. ಆ್ಯಕ್ಸೆಸ್ 2010ರಿಂದ ಆ ಕಂಟ್ರೋಲ್ ಬಿಟ್ಟಾರ. ಅದರ ಬದಲಿಗೆ ಟೆಕ್ಸ್ಟ್‌ಬಾಕ್ಸಿನ ಶೋ ಡೇಟ್ ಪಿಕರ್ ಪ್ರಾಪರ್ಟಿ ಸಾಕು, 2007ರಿಂದ ಅದ.

ನಡುರಾತ್ರಿ_ಬಗ್
ಓಸಿಎಕ್ಸ್ ಇಲ್ಲ ಅಂದರೆ ನೆಟ್ಟಿನಿಂದ ಇಳಿಸಿ ಸಿಸ್ಟಮ್32ಗೆ ಹಾಕಿ ರೆಗ್‌ಎಸ್‌ವಿಆರ್32 ಹೊಡೆದರೆ ಮುಗೀತು.

ಹಳೇಕೋಡು
ಮೂರು ಕಡೆ ಎಡವುತ್ತೀರಿ. ಡಿಎಲ್‌ಎಲ್ ಇಳಿಸಲು ಕೊಡುವ ಗುರುತಿಲ್ಲದ ಸೈಟ್‌ಗಳಿಂದ ಓಸಿಎಕ್ಸ್ ತರಬಾರದು, ಆ ಫೈಲಿನಲ್ಲಿ ಇನ್ನೇನಿದೆ ಅಂತ ಯಾರಿಗೂ ಗೊತ್ತಿಲ್ಲ. 64 ಬಿಟ್ ವಿಂಡೋಸ್‌ನಲ್ಲಿ 32 ಬಿಟ್ ಫೈಲ್ ಹೋಗಬೇಕಾದ್ದು ಸಿಸ್‌ವಾವ್64 ಫೋಲ್ಡರಿಗೆ. ಸಿಸ್ಟಮ್32 ಇರೋದು 64 ಬಿಟ್ ಫೈಲುಗಳಿಗೆ. ಹೆಸರು ತಲೆಕೆಳಗು, ಹಾಗೇ ಒಪ್ಪಿಕೊಳ್ಳಬೇಕು. ಇನ್ನು ಕಮಾಂಡ್ ಪ್ರಾಂಪ್ಟನ್ನು ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಅಂತ ತೆರೆಯದಿದ್ದರೆ 80070005 ಬಂದು ನಿಲ್ಲುತ್ತೆ. ಅದು ಅನುಮತಿ ಇಲ್ಲ ಅನ್ನೋ ಎರರ್, ಫೈಲ್ ಕೆಟ್ಟಿದೆ ಅಂತ ಅಲ್ಲ.

ಬಿಂದುಗೆರೆ
ಇನ್ನೊಂದು ಸೇರಿಸಿ: ರೆಗ್‌ಎಸ್‌ವಿಆರ್32 ಎಲ್ಲದಕ್ಕೂ ಅಲ್ಲ. ಡಿಎಲ್‌ಎಲ್‌ರಿಜಿಸ್ಟರ್‌ಸರ್ವರ್ ಅನ್ನುವ ಎಂಟ್ರಿ ಪಾಯಿಂಟ್ ಇರುವ ಡಿಎಲ್‌ಎಲ್, ಓಸಿಎಕ್ಸ್‌ಗೆ ಮಾತ್ರ. ಡಾಟ್‌ನೆಟ್‌ನಲ್ಲಿ ಬರೆದ ಡಿಎಲ್‌ಎಲ್ ಆದರೆ ರೆಗ್‌ಆಸ್ಮ್, ಜೊತೆಗೆ /ಕೋಡ್‌ಬೇಸ್ ಮತ್ತು /ಟಿಎಲ್‌ಬಿ. ಅದರಲ್ಲೂ ಫ್ರೇಮ್‌ವರ್ಕ್ ಫೋಲ್ಡರಿನ ರೆಗ್‌ಆಸ್ಮ್ 32 ಬಿಟ್, ಫ್ರೇಮ್‌ವರ್ಕ್64 ಫೋಲ್ಡರಿನದು 64 ಬಿಟ್. ಆಫೀಸ್ ಎಷ್ಟು ಬಿಟ್ಟಿನದೋ ಅದನ್ನು ಬಳಸಬೇಕು, ವಿಂಡೋಸ್ ಎಷ್ಟು ಬಿಟ್ ಅಂತ ಅಲ್ಲ.

ಟೇಬಲ್‌ಟೆನಿಸ್
32, 64, 32, 64... ಇದು ಫೋರಂ ಅಲ್ಲ, ಮಗ್ಗಿ ತರಗತಿ.

ಫಾರ್ಮ್‌ಪಂಡಿತ
ಬಿಟ್ ಮಾತು ಬಂತಲ್ಲ, ರೆಫರೆನ್ಸ್ ಎಲ್ಲ ಸರಿಯಿದ್ದರೂ 64 ಬಿಟ್‌ನಲ್ಲಿ ಕಂಪೈಲ್ ನಿಲ್ಲಿಸುವ ಇನ್ನೊಂದು ಇದೆ. ವಿಂಡೋಸ್ ಎಪಿಐ (ವಿಂಡೋಸ್‌ನದೇ ಫಂಕ್ಷನ್‌ಗಳು) ಕರೆಯುವ ಡಿಕ್ಲೇರ್ ಸಾಲುಗಳು. ಪಿಟಿಆರ್‌ಸೇಫ್ ಸೇರಿಸಬೇಕು, ಹ್ಯಾಂಡಲ್ ಮತ್ತು ಪಾಯಿಂಟರ್ ಆಗಿರುವ ಲಾಂಗ್‌ಗಳನ್ನು ಲಾಂಗ್‌ಪಿಟಿಆರ್ ಮಾಡಬೇಕು. ಎಲ್ಲ ಲಾಂಗನ್ನೂ ಬದಲಾಯಿಸಬೇಡಿ, ಹ್ಯಾಂಡಲ್, ಪಾಯಿಂಟರ್ ಮಾತ್ರ. 2010ರಿಂದ ವಿಬಿಎ 7 ಇರೋದ್ರಿಂದ 32 ಬಿಟ್ 2010ರಲ್ಲೂ ಅದೇ ಕೋಡ್ ಓಡುತ್ತೆ. 2007ಕ್ಕೂ ಬೇಕಾದರೆ #ಇಫ್ ವಿಬಿಎ7 ಹಾಕಿ ಎರಡು ರೂಪ ಇಡಬೇಕು.

ನಡುರಾತ್ರಿ_ಬಗ್
ಇಷ್ಟೆಲ್ಲ ಯಾಕೆ, ಫೈಲ್ ತೆರೆದ ಕೂಡಲೇ ಮುರಿದ ರೆಫರೆನ್ಸ್ ತೆಗೆದು ಹೊಸದು ಸೇರಿಸುವ ಕೋಡ್ ಬರೆದುಬಿಟ್ಟರೆ? ರೆಫರೆನ್ಸಸ್ ಕಲೆಕ್ಷನ್, ಇಸ್‌ಬ್ರೋಕನ್, ರಿಮೂವ್, ಆ್ಯಡ್‌ಫ್ರಮ್‌ಜಿಯುಐಡಿ ಎಲ್ಲ ಇದೆಯಲ್ಲ.

ಕೀಲಿಮಣೆ
ಇದೆ. ಬಳಸುವ ಮುಂಚೆ ಇವು ಗೊತ್ತಿರಲಿ:

ಮುರಿದ ರೆಫರೆನ್ಸಿನ ನೇಮ್ ಅಥವಾ ಫುಲ್‌ಪಾತ್ ಕೇಳಿದರೆ ಅದೇ ಎರರ್ ಎಸೆಯುತ್ತೆ, ಬಹಳಷ್ಟು ಸಲ -2147319779. ಜಿಯುಐಡಿ ಕೇಳಿದರೆ ಸಿಗುತ್ತೆ. ಆದ್ದರಿಂದ ಗುರುತಿಗೆ ಹೆಸರು ಬೇಡ, ಜಿಯುಐಡಿ. ಫಾರ್ ಈಚ್ ಲೂಪಿನೊಳಗೇ ರಿಮೂವ್ ಮಾಡಿದರೆ ಪಕ್ಕದ್ದನ್ನು ಬಿಟ್ಟು ಮುಂದೆ ಹೋಗುತ್ತೆ, ಹಾಗಾಗಿ ಕೌಂಟ್‌ನಿಂದ 1ರವರೆಗೆ ಹಿಮ್ಮುಖವಾಗಿ ಬನ್ನಿ. ಬಿಲ್ಟ್‌ಇನ್ ಅಂತ ಟ್ರೂ ಇರುವುದನ್ನು ಮುಟ್ಟಬೇಡಿ. ಆ್ಯಡ್‌ಫ್ರಮ್‌ಜಿಯುಐಡಿಗೆ ಮೇಜರ್ 0 ಮೈನರ್ 0 ಕೊಟ್ಟರೆ ಆ ಕಂಪ್ಯೂಟರಿನಲ್ಲಿರುವ ಇತ್ತೀಚಿನದನ್ನು ಹಿಡಿಯುತ್ತೆ.

ಈ ಕೋಡು ಪ್ರತ್ಯೇಕ ಮಾಡ್ಯೂಲಿನಲ್ಲಿರಬೇಕು. ಅದರೊಳಗೆ ಬರುವ ಮೆಸೇಜ್‌ಬಾಕ್ಸ್ ಸಮೇತ ಪ್ರತಿ ಫಂಕ್ಷನ್‌ಗೂ ವಿಬಿಎ ಡಾಟ್ ಹಾಕಿರಬೇಕು. ಎಕ್ಸೆಲ್ ಟೈಪ್ ಒಂದೂ ಆ ಮಾಡ್ಯೂಲಿನಲ್ಲಿ ಇರಬಾರದು. ಆಟೊಎಕ್ಸೆಕ್ ಮ್ಯಾಕ್ರೋದಿಂದ ರನ್‌ಕೋಡ್ ಮಾಡಿ ಇದನ್ನು ಎಲ್ಲಕ್ಕಿಂತ ಮೊದಲು ಕರೆಯಿರಿ. ಸ್ಟಾರ್ಟಪ್ ಫಾರ್ಮ್ ಅಂತ ಆಪ್ಷನ್ಸ್‌ನಲ್ಲಿ ಕೊಟ್ಟಿದ್ದರೆ ಅದನ್ನು ತೆಗೆದು, ಪರೀಕ್ಷೆ ಮುಗಿದ ಮೇಲೆ ಕೋಡಿನಿಂದಲೇ ತೆರೆಯಿರಿ. ಇಲ್ಲದಿದ್ದರೆ ಫಾರ್ಮ್ ಮೊದಲು ತೆರೆದು ಅದರ ಕೋಡ್ ಅಲ್ಲೇ ಬಿದ್ದುಹೋಗುತ್ತೆ.

ಶೂನ್ಯವೊಂದು
ಎಸಿಸಿಡಿಇ (ಕೋಡ್ ನೋಡಾಕ, ತಿದ್ದಾಕ ಬರದ ಹಂಗ ಮಾಡಿದ ಫೈಲ್) ಮಾಡಿ ಕೊಟ್ಟಿದ್ರ ಇದ್ಯಾವುದೂ ನಡೆಯೂದಿಲ್ಲ. ಎಸಿಸಿಡಿಇ ಒಳಗ ರೆಫರೆನ್ಸ್ ಸೇರಸಾಕೂ ಬರೂದಿಲ್ಲ, ತಗಿಯಾಕೂ ಬರೂದಿಲ್ಲ.

ಕೀಲಿಮಣೆ
ನಿಜ. ಅಲ್ಲಿ ಈ ಕೋಡಿನಿಂದ ಆಗೋದು ಒಂದೇ: ಏನು ಮುರಿದಿದೆ ಅಂತ ಬಳಕೆದಾರರಿಗೆ ಅರ್ಥವಾಗುವ ಹಾಗೆ ಹೇಳಿ ಮುಚ್ಚೋದು. 2016ರಲ್ಲಿ ಮಾಡಿದ ಎಸಿಸಿಡಿಇ 2010ರಲ್ಲಿ ತೆರೆಯಲ್ಲ ಅನ್ನೋದೂ ಇದೆ. 32 ಬಿಟ್‌ನಲ್ಲಿ ಮಾಡಿದ್ದು 64ರಲ್ಲಿ ತೆರೆಯಲ್ಲ. "ವಿಬಿಎ ಪ್ರಾಜೆಕ್ಟ್ ಕೆನಾಟ್ ಬಿ ರೆಡ್" ಅನ್ನುವ ಸಂದೇಶ ಬಂದರೆ ರೆಫರೆನ್ಸ್ ಹುಡುಕುತ್ತಾ ಕೂರಬೇಡಿ, ಮೂಲ ಎಸಿಸಿಡಿಬಿಯಿಂದ ಆ ಆವೃತ್ತಿಯಲ್ಲೇ ಮತ್ತೆ ಎಸಿಸಿಡಿಇ ಮಾಡಿ.

ಕಂಪೈಲ್ಕುಮಾರ
ಸ್ವಯಂ ರಿಪೇರಿ ಕೋಡ್ ನನಗೆ ಒಪ್ಪಿಗೆಯಿಲ್ಲ. ಬಳಕೆದಾರನ ಕಂಪ್ಯೂಟರಿನಲ್ಲಿ ಪ್ರಾಜೆಕ್ಟನ್ನೇ ತಿದ್ದುವ ಕೋಡು ಅದು. ತಿದ್ದಿದ ಕೂಡಲೇ ಕಂಪೈಲ್ ಸ್ಥಿತಿ ಹೋಗುತ್ತೆ, ಮುರಿದದ್ದನ್ನು ರಿಮೂವ್ ಮಾಡುವಾಗಲೇ ಕೆಲವೊಮ್ಮೆ ಎರರ್. ಬಗ್ ಮುಚ್ಚಿಡುವ ಕೆಲಸ.

ನಡುರಾತ್ರಿ_ಬಗ್
ಹತ್ತು ಕಂಪ್ಯೂಟರಿಗೆ ಹೋಗಿ ಟಿಕ್ ಹಾಕೋರು ಯಾರು?

ಕಂಪೈಲ್ಕುಮಾರ
ಟಿಕ್ ಹಾಕೋ ಅಗತ್ಯವೇ ಬರದ ಹಾಗೆ ರೆಫರೆನ್ಸ್ ಕಡಿಮೆ ಮಾಡಿ ಅಂತ ತಾನೇ ಮೇಲೆ ಎಲ್ಲರೂ ಹೇಳ್ತಿರೋದು? ಹೊಸ ಎಸಿಸಿಡಿಬಿಗೆ ಬರೋದು ನಾಲ್ಕು: ವಿಬಿಎ, ಆ್ಯಕ್ಸೆಸ್, ಓಎಲ್‌ಇ ಆಟೊಮೇಶನ್, ಎಸಿಇ ಡೇಟಾಬೇಸ್ ಎಂಜಿನ್. ಐದನೆಯದಕ್ಕೆ ಟಿಕ್ ಹಾಕುವ ಮುಂಚೆ ಒಂದು ಕಾರಣ ಇರಲಿ.

ಕ್ವೆರಿಕಾಕ
ಹಳೇ ಎಂಡಿಬಿ (ಎಸಿಸಿಡಿಬಿಗೂ ಮುಂಚಿನ ಆ್ಯಕ್ಸೆಸ್ ಫೈಲ್) ತರುವವರಿಗೆ ಒಂದು ಮಾತು. ಅದರಲ್ಲಿ ಡೇಟಾ ಓದಿ ಬರೆಯುವ ಲೈಬ್ರರಿ ಡಿಎಒ 3.6ರ ಟಿಕ್ ಇರುತ್ತೆ. ಅದು ಡಿಎಒ360 ಡಾಟ್ ಡಿಎಲ್‌ಎಲ್, 32 ಬಿಟ್‌ಗೆ ಮಾತ್ರ. 64 ಬಿಟ್ ಆಫೀಸಿನಲ್ಲಿ ಅದಕ್ಕೆ ಉಳಿವಿಲ್ಲ. ಟಿಕ್ ತೆಗೆದು ಆಫೀಸ್ ಆ್ಯಕ್ಸೆಸ್ ಡೇಟಾಬೇಸ್ ಎಂಜಿನ್ ಆಬ್ಜೆಕ್ಟ್ ಲೈಬ್ರರಿ ಹಾಕಿ. ಎರಡನ್ನೂ ಒಟ್ಟಿಗೆ ಹಾಕೋಕೆ ಹೋದರೆ ಹೆಸರು ಘರ್ಷಣೆ ಅಂತ ಬಿಡಲ್ಲ. ಕೋಡಿನಲ್ಲಿ ಡಿಎಒ ಡಾಟ್ ಅಂತಲೇ ಇರುತ್ತೆ, ಏನೂ ತಿದ್ದಬೇಕಿಲ್ಲ.

ಅದೇ ಕೆಲಸದ ಇನ್ನೊಂದು ಲೈಬ್ರರಿ ಎಡಿಒ ಕೂಡ ಇದ್ದರೆ ಪಟ್ಟಿಯ ಕ್ರಮ ನೋಡಿ. ಬರೀ ರೆಕಾರ್ಡ್‌ಸೆಟ್ ಅಂತ ಡಿಕ್ಲೇರ್ ಮಾಡಿದ್ದರೆ ಯಾವುದು ಮೇಲಿದೆಯೋ ಅದರದ್ದಾಗುತ್ತೆ. ರೆಫರೆನ್ಸ್ ತೆಗೆದು ಮತ್ತೆ ಹಾಕಿದಾಗ ಅದು ಪಟ್ಟಿಯ ಕೊನೆಗೆ ಹೋಗಿ ಕೂರುತ್ತೆ, ಎಡಿಒ ಮೇಲೆ ಬರುತ್ತೆ, ಎರರ್ 13 ಟೈಪ್ ಮಿಸ್‌ಮ್ಯಾಚ್. ರಿಪೇರಿ ಮಾಡಿದ್ದೇ ಹೊಸ ರೋಗ ತಂದ ಹಾಗೆ ಕಾಣುತ್ತೆ. ಡಿಎಒ ಡಾಟ್ ರೆಕಾರ್ಡ್‌ಸೆಟ್ ಅಂತ ಪೂರ್ತಿ ಬರೆದರೆ ಕ್ರಮ ಏನಿದ್ದರೂ ಚಿಂತೆಯಿಲ್ಲ.

ಹೊಸಬ_ಹತ್ತು
ನನ್ನ ಪಟ್ಟಿಯಲ್ಲಿ ಮಿಸ್ಸಿಂಗ್ ಅಂತ ಒಂದೂ ಇಲ್ಲ. ಆದರೂ ಫಾರ್ಮ್ಯಾಟ್ ಮೇಲೆ ಅದೇ ಎರರ್. ಏನು ಮಾಡಲಿ?

ಕೀಲಿಮಣೆ
ಬೇಡದ ಯಾವುದಾದರೂ ಒಂದು ಲೈಬ್ರರಿಗೆ ಟಿಕ್ ಹಾಕಿ ಓಕೆ, ಮತ್ತೆ ತೆರೆದು ಅದನ್ನೇ ತೆಗೆದು ಓಕೆ. ಇಡೀ ಪಟ್ಟಿಯನ್ನು ಅದು ಮತ್ತೆ ಓದಿಕೊಳ್ಳುತ್ತೆ. ಬಗೆಹರಿಯದಿದ್ದರೆ ಫೈಲಿನ ಕಾಪಿ ಮಾಡಿ, ಎಂಎಸ್‌ಆ್ಯಕ್ಸೆಸ್ ಡಾಟ್ ಎಕ್ಸ್‌ಇ ಮುಂದೆ ಫೈಲಿನ ಪಾತ್, ಅದರ ಮುಂದೆ /ಡೀಕಂಪೈಲ್ ಕೊಟ್ಟು ಶಿಫ್ಟ್ ಒತ್ತಿಕೊಂಡೇ ತೆರೆಯಿರಿ. ಮುಚ್ಚಿ, ಸಾಮಾನ್ಯವಾಗಿ ತೆರೆದು ಕಾಂಪ್ಯಾಕ್ಟ್ ಅಂಡ್ ರಿಪೇರ್, ಆಮೇಲೆ ಕಂಪೈಲ್.

ಹೊಸಬ_ಹತ್ತು
ಟಿಕ್ ಹಾಕಿ ತೆಗೆದಿದ್ದಕ್ಕೇ ಹೋಯ್ತು ಸರ್!

ಬಿಂದುಗೆರೆ
ಇನ್ನೊಂದು ಜಾತಿಯ ತೊಂದರೆ ಇದೆ, ಅದು ಫೈಲಿನದ್ದಲ್ಲ. ಹೊಸ ಆಫೀಸ್ ಹಾಕಿ, ಬೇಡ ಅಂತ ತೆಗೆದು, ಹಳೆಯದಕ್ಕೆ ಮರಳಿದ ಕಂಪ್ಯೂಟರಿನಲ್ಲಿ ಟೈಪ್‌ಲಿಬ್ ಕೆಳಗೆ ಎಕ್ಸೆಲ್ 1.9 ಕೀ ಉಳಿದುಬಿಡಬಹುದು. ಫೈಲ್ ಮಾತ್ರ ಡಿಸ್ಕಿನಲ್ಲಿ ಇರಲ್ಲ. ಆಗ "ಎರರ್ ಲೋಡಿಂಗ್ ಟೈಪ್ ಲೈಬ್ರರಿ", ಕೋಡ್ 80029ಸಿ4ಎ. ರೆಜೆಡಿಟ್ ತೆರೆದು ಎಕ್ಸೆಲ್‌ನ ಜಿಯುಐಡಿ ಕೆಳಗೆ 1.9, ಅದರೊಳಗೆ 0, ಅದರೊಳಗೆ ವಿನ್32 ಅಥವಾ ವಿನ್64 ನೋಡಿ. ಅಲ್ಲಿ ಬರೆದಿರುವ ಪಾತ್‌ನಲ್ಲಿ ಫೈಲ್ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಕೀಯನ್ನು ಎಕ್ಸ್‌ಪೋರ್ಟ್ ಮಾಡಿಟ್ಟು, ಆ 1.9 ಒಂದನ್ನೇ ಅಳಿಸಿ. ಮೇಲಿನ ಜಿಯುಐಡಿ ಕೀಯನ್ನು ಅಳಿಸಿದರೆ ಎಕ್ಸೆಲ್ ಪೂರ್ತಿ ಕೈಬಿಡುತ್ತೆ, ಹುಷಾರು.

ಲೇಟ್ ಬೈಂಡಿಂಗಿನಲ್ಲೂ ಈ ಎರರ್ ಬರಬಹುದು, ಆದ್ದರಿಂದ ಕೋಡ್ ಬದಲಾಯಿಸಿ ಪ್ರಯೋಜನವಿಲ್ಲ.

ಫಾರ್ಮ್‌ಪಂಡಿತ
ಒಂದೇ ಫ್ರಂಟ್‌ಎಂಡ್ (ಫಾರ್ಮ್, ಕ್ವೆರಿ, ಕೋಡ್ ಇರುವ) ಫೈಲನ್ನು ಸರ್ವರಿನಲ್ಲಿಟ್ಟು ಎಲ್ಲರೂ ಅಲ್ಲಿಂದಲೇ ತೆರೆಯುವ ಕಡೆ ಇದೆಲ್ಲ ಹತ್ತು ಪಟ್ಟು. ಹೊಸ ಆಫೀಸ್ ಇರುವವರು ಬೆಳಿಗ್ಗೆ ಮೊದಲು ತೆರೆದರೆ ರೆಫರೆನ್ಸ್ ಮೇಲೇರುತ್ತೆ, ಹಳೇ ಆಫೀಸಿನವರಿಗೆ ಮುರಿಯುತ್ತೆ. ಟೇಬಲ್‌ಗಳು ಬ್ಯಾಕ್‌ಎಂಡ್‌ನಲ್ಲಿ, ಫ್ರಂಟ್‌ಎಂಡ್‌ನ ಪ್ರತಿ ಪ್ರತ್ಯೇಕವಾಗಿ ಪ್ರತಿಯೊಬ್ಬರ ಕಂಪ್ಯೂಟರಿನಲ್ಲಿ. ಇದಕ್ಕೆ ವಿನಾಯಿತಿ ಇಲ್ಲ.

ರೆಫರೆನ್ಸ್ ಇನ್ನೊಂದು ಆ್ಯಕ್ಸೆಸ್ ಫೈಲಿಗೇ ಇದ್ದರೆ, ಅಂದರೆ ನಿಮ್ಮದೇ ಲೈಬ್ರರಿ ಎಸಿಸಿಡಿಎ, ಎಸಿಸಿಡಿಇ, ಅಲ್ಲಿ ಜಿಯುಐಡಿ ಇಲ್ಲ, ಪಾತ್‌ ಮೇಲೇ ಎಲ್ಲ. ಬರೆದ ಪಾತ್‌ನಲ್ಲಿ ಸಿಗದಿದ್ದರೆ ರಿಜಿಸ್ಟ್ರಿಯ ರೆಫ್‌ಲಿಬ್‌ಪಾತ್ಸ್ ಕೀ, ಆಮೇಲೆ ವಿಂಡೋಸ್ ಫೋಲ್ಡರುಗಳು, ಪಾತ್ ವೇರಿಯಬಲ್, ನಿಮ್ಮ ಫೈಲ್ ಇರುವ ಫೋಲ್ಡರ್ ಹೀಗೆ ಹುಡುಕುತ್ತೆ. ಲೈಬ್ರರಿ ಫೈಲನ್ನು ಅಪ್ಲಿಕೇಶನ್ ಇರುವ ಫೋಲ್ಡರಿನಲ್ಲೇ ಇಟ್ಟು ಒಟ್ಟಿಗೆ ಕಾಪಿ ಮಾಡಿದರೆ ಸಾಕು.

ನಡುರಾತ್ರಿ_ಬಗ್
ರನ್‌ಟೈಮ್ (ಅಪ್ಲಿಕೇಶನ್ ಓಡಿಸಲಷ್ಟೇ ಬರುವ ಆ್ಯಕ್ಸೆಸ್) ಹಾಕಿರುವ ಕಂಪ್ಯೂಟರಿನಲ್ಲಿ ವಿಬಿಎ ಎಡಿಟರ್ರೇ ಇಲ್ಲ. ಅಲ್ಲಿ ಹೇಗೆ ನೋಡೋದು?

ಬಿಂದುಗೆರೆ
ನೋಡೋಕಾಗಲ್ಲ. "ಎಕ್ಸಿಕ್ಯೂಷನ್ ಆಫ್ ದಿಸ್ ಅಪ್ಲಿಕೇಶನ್ ಹ್ಯಾಸ್ ಸ್ಟಾಪ್ಡ್" ಅಂತ ಬಂದು ಮುಚ್ಚಿಕೊಳ್ಳುತ್ತೆ. ಕಳಿಸುವ ಮುಂಚೆ ನಿಮ್ಮಲ್ಲೇ ಫೈಲಿನ ಎಕ್ಸ್‌ಟೆನ್ಷನ್ ಎಸಿಸಿಡಿಆರ್ ಮಾಡಿ ತೆರೆದರೆ ರನ್‌ಟೈಮ್ ವರ್ತನೆ ಕಾಣುತ್ತೆ. ರನ್‌ಟೈಮ್ ಜೊತೆ ಎಕ್ಸೆಲ್, ಔಟ್‌ಲುಕ್ ಬರಲ್ಲ. ಲೇಟ್ ಬೈಂಡಿಂಗ್ ಮಾಡಿದ್ದರೂ ಕ್ರಿಯೇಟ್‌ಆಬ್ಜೆಕ್ಟ್ 429 ಕೊಡುತ್ತೆ. ಆ ಎರರ್ ಹಿಡಿದು "ಎಕ್ಸೆಲ್ ಇಲ್ಲ" ಅಂತ ಹೇಳುವ ಕೋಡ್ ಇರಬೇಕು.

ಕ್ವೆರಿಕಾಕ
429 ಈಗ ಹೊಸ ಔಟ್‌ಲುಕ್‌ನಲ್ಲೂ ಬರುತ್ತೆ. ವಿಂಡೋಸ್‌ನ ಹೊಸ ಔಟ್‌ಲುಕ್‌ಗೆ ಕಾಮ್ ಆಟೊಮೇಶನ್ ಇಲ್ಲವೇ ಇಲ್ಲ, ಕ್ಲಾಸಿಕ್ ಔಟ್‌ಲುಕ್ ಇರಲೇಬೇಕು. ಇದಕ್ಕೆ ರೆಫರೆನ್ಸ್ ಸರಿಮಾಡಿ ಏನೂ ಆಗಲ್ಲ.

ಟೇಬಲ್‌ಟೆನಿಸ್
ಮೇಲ್ ಕಳಿಸೋ ಬಟನ್ ತೆಗೆದುಬಿಡಿ, ಎಲ್ಲರಿಗೂ ನೆಮ್ಮದಿ.

ಶೂನ್ಯವೊಂದು
ಇನ್ನೊಂದು. ಮೇಲ್‌ನ್ಯಾಗ ಬಂದ ಫೈಲು, ಇಳಿಸಿಕೊಂಡ ಫೈಲು ಇದ್ರ ವಿಂಡೋಸ್ ಅದಕ್ಕ ಇಂಟರ್ನೆಟ್ಟಿಂದ ಬಂದದ್ದು ಅಂತ ಗುರುತು ಹಾಕಿರ್ತದ. ಮ್ಯಾಕ್ರೋ ಓಡೂದಿಲ್ಲ, ಬಟನ್ ಒತ್ತಿದ್ರ ಏನೂ ಆಗೂದಿಲ್ಲ. ಮಂದಿ ರೆಫರೆನ್ಸ್ ಮುರಿದದ ಅಂತ ತಿಳೀತಾರ. ಫೈಲಿನ ಪ್ರಾಪರ್ಟೀಸ್‌ನ್ಯಾಗ ಅನ್‌ಬ್ಲಾಕ್ ಟಿಕ್ ಮಾಡ್ರಿ, ಫೋಲ್ಡರನ್ನ ಟ್ರಸ್ಟೆಡ್ ಲೊಕೇಶನ್‌ಗೆ ಸೇರಿಸ್ರಿ. ಆಮ್ಯಾಲೆ ರೆಫರೆನ್ಸ್ ನೋಡ್ರಿ.

ಸಾಲುಸಾಲು
ಫಾರ್ಮ್‌ಪಂಡಿತರು ಹೇಳಿದ ಹಾಗೆ ಫ್ರಂಟ್‌ಎಂಡ್, ಬ್ಯಾಕ್‌ಎಂಡ್ ಬೇರೆ ಮಾಡಿದೆ. ಈಗ ಆ 64 ಬಿಟ್ ಕಂಪ್ಯೂಟರಿನಲ್ಲಿ ರೆಫರೆನ್ಸ್ ಎಲ್ಲ ಸರಿ, ಕಂಪೈಲೂ ಆಗುತ್ತೆ. ಆದರೆ ಒಂದು ಟೇಬಲ್ ಎಸ್‌ಕ್ಯುಎಲ್ ಸರ್ವರಿನಿಂದ ಲಿಂಕ್ ಆಗಿದೆ, ಅದು ಮಾತ್ರ "ಓಡಿಬಿಸಿ ಕನೆಕ್ಷನ್ ಫೇಲ್ಡ್" ಅನ್ನುತ್ತೆ. ಡಿಎಸ್‌ಎನ್ (ಕನೆಕ್ಷನ್ ವಿವರಕ್ಕೆ ಕೊಡುವ ಹೆಸರು) ಮಾಡಿದ್ದೇನೆ, ಪಟ್ಟಿಯಲ್ಲಿ ಕಾಣುತ್ತೆ.

ಹಳೇಕೋಡು
ಯಾವ ಓಡಿಬಿಸಿ ಅಡ್ಮಿನಿಸ್ಟ್ರೇಟರಿನಲ್ಲಿ ಮಾಡಿದಿರಿ? ಓಡಿಬಿಸಿಎಡಿ32 ಅನ್ನುವ ಫೈಲ್ ಎರಡಿವೆ, ಹೆಸರು ಒಂದೇ. ಸಿಸ್ಟಮ್32ರಲ್ಲಿರೋದು 64 ಬಿಟ್, ಸಿಸ್‌ವಾವ್64ರಲ್ಲಿರೋದು 32 ಬಿಟ್. ಸಿಸ್ಟಮ್ ಡಿಎಸ್‌ಎನ್ ಆಯಾ ಬಿಟ್ಟಿಗೆ ಪ್ರತ್ಯೇಕ, ಡ್ರೈವರೂ ಪ್ರತ್ಯೇಕ. ನಿಮ್ಮ ಆಫೀಸ್ 64 ಬಿಟ್ ಆದ್ದರಿಂದ ಸಿಸ್ಟಮ್32ರಲ್ಲಿರುವುದನ್ನು ತೆರೆದು ಮಾಡಿ.

ಸಾಲುಸಾಲು
ಸಿಸ್‌ವಾವ್64ರಲ್ಲಿ ಮಾಡಿದ್ದೆ. 64 ಅಂತ ಹೆಸರಿದೆಯಲ್ಲ ಅಂತ.

ಟೇಬಲ್‌ಟೆನಿಸ್
ಮಗ್ಗಿ ತರಗತಿ ಅಂದಾಗ ಯಾರೂ ಕೇಳಲಿಲ್ಲ.

ಕ್ವೆರಿಕಾಕ
ಡಿಎಸ್‌ಎನ್ ಬಿಟ್ಟೇ ಬಿಡಿ. ಟೇಬಲ್‌ಡೆಫ್‌ನ ಕನೆಕ್ಟ್ ಪ್ರಾಪರ್ಟಿಯಲ್ಲಿ ಓಡಿಬಿಸಿ ಅಂತ ಶುರುಮಾಡಿ ಡ್ರೈವರ್, ಸರ್ವರ್, ಡೇಟಾಬೇಸ್ ಹೆಸರು, ಟ್ರಸ್ಟೆಡ್ ಕನೆಕ್ಷನ್ ಯೆಸ್ ಇಷ್ಟು ಬರೆದು ರಿಫ್ರೆಶ್‌ಲಿಂಕ್ ಮಾಡಿ. ಪ್ರತಿ ಕಂಪ್ಯೂಟರಿನಲ್ಲೂ ಡಿಎಸ್‌ಎನ್ ಮಾಡುವ ಕೆಲಸ ತಪ್ಪುತ್ತೆ. ಡ್ರೈವರ್ ಹೆಸರು ಮಾತ್ರ ಆ ಕಂಪ್ಯೂಟರಿನ ಡ್ರೈವರ್ಸ್ ಟ್ಯಾಬಿನಲ್ಲಿ ಹೇಗಿದೆಯೋ ಹಾಗೇ ಇರಬೇಕು, 17 ಇರುವ ಕಡೆ 18 ಅಂತ ಬರೆದರೆ ಮತ್ತೆ ಇಲ್ಲಿಗೇ ಬರ್ತೀರಿ.